ಅಮ್ಮನಿಗೆ 'ಎ' ಇಲ್ಲ

ಹೋದ ಚಳಿಗಾಲದಲ್ಲಿ ಮಗಳಿಗೆ 'ಎ' ಸಿಕ್ಕಿತು. ನಾವಿರುವ ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಈಜಿಗೆ 'ಎ', 'ಬಿ', 'ಸಿ' ಅಂತ ಒಂದಾದ ಮೇಲೊಂದು ಮೂರು ಸರ್ಟಿಫಿಕೇಟು. ಈಜಿನ ಪರೀಕ್ಷೆ ಮುಗಿಸಿ ಹೊರಗೆ ಬಂದವಳ ಜಡೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕೈಯಲ್ಲಿ ಸರ್ಟಿಫಿಕೇಟು. ಪಕ್ಕದ ಮನೆ ಹುಡುಗನೂ ನಮ್ಮ ಜೊತೆ ಬಂದಿದ್ದ. ಅವನಿಗೆ ಏಳು ವರ್ಷ, ಆಗಲೇ 'ಬಿ' ಮುಗಿದಿದೆ, ಸ್ವಲ್ಪ ಜಂಬ ಜಾಸ್ತಿ. ಸೈಕಲ್ ಬೀಗ ತೆಗೆಯುತ್ತಿದ್ದ ನನ್ನನ್ನು ತೋರಿಸಿ ಮಗಳನ್ನು ಕೇಳಿದ.

"ನಿಮ್ಮಮ್ಮಂದು ಯಾವುದು? 'ಸಿ' ನಾ?"

"ಅಮ್ಮನಿಗೆ 'ಎ' ಕೂಡ ಇಲ್ಲ."

ಹುಡುಗ ನಿಂತೇಬಿಟ್ಟ. ನನಗೆ ಓದಲು ಬರುವುದಿಲ್ಲ ಅಂದಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲವೇನೋ. "ಯಾಕೆ? ನಿಮ್ಮೂರಲ್ಲಿ ನೀರಿಲ್ವಾ?"

ಮಗಳು ಯೋಚಿಸಿದಳು. "ಇದೆ. ದೊಡ್ಡ ನದಿನೇ ಇದೆ. ಆದ್ರೆ ಅದಕ್ಕೆ ನಮಸ್ಕಾರ ಮಾಡ್ತಾರೆ."

ಇಬ್ಬರೂ ಡಚ್ಚಿನಲ್ಲಿ ಇಷ್ಟು ಮಾತಾಡಿ ಬೇರೆ ವಿಷಯಕ್ಕೆ ಹೋದರು. ನಾನು ಮಾತ್ರ ದಾರಿಯುದ್ದಕ್ಕೂ ಅಲ್ಲೇ ಉಳಿದೆ. ದಾರಿಯ ಎಡಕ್ಕೆ ಕಾಲುವೆ ಬೇರೆ.

ನನ್ನೂರು ತೀರ್ಥಹಳ್ಳಿ. ಮಳೆಗಾಲದಲ್ಲಿ ತುಂಗೆ ತುಂಬಿ ರಾಮಮಂಟಪ ಮುಳುಗಿತಾ ಇಲ್ಲವಾ ಅನ್ನುವುದು ಊರಿಗೆಲ್ಲ ಸುದ್ದಿ. ಎಳ್ಳಮಾವಾಸ್ಯೆಗೆ ಆ ನೀರಿನಲ್ಲಿ ಮುಳುಗಿ ಏಳಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅಣ್ಣಂದಿರು ಬೇಸಿಗೆ ರಜೆಯಲ್ಲಿ ಬಾಳೆದಿಂಡು ತಬ್ಬಿಕೊಂಡು ತಾವೇ ಈಜು ಕಲಿತರು. ಆಗ ನನ್ನ ಕೆಲಸ ಬಂಡೆ ಮೇಲೆ ಕೂತು ಅವರ ಅಂಗಿ ಚಡ್ಡಿ ಕಾಯುವುದು. ಮೊಣಕಾಲಿನವರೆಗೆ ಇಳಿದರೆ ಸಾಕು, ಯಾರಾದರೊಬ್ಬರು ಕೂಗುತ್ತಿದ್ದರು. "ಈಜು ಬಂದವರನ್ನೇ ನೀರು ಎಳ್ಕೊಂಡು ಹೋಗೋದು" ಅಂತ ದೊಡ್ಡವರು ಹೇಳುತ್ತಿದ್ದರು. ಈಜು ಬಾರದ ನಮ್ಮನ್ನು ಅದು ಏನು ಮಾಡುತ್ತದೆ ಅಂತ ಯಾರೂ ಹೇಳಲಿಲ್ಲ. ಪೇಪರಿನಲ್ಲಿ ಮಾತ್ರ ಪ್ರತಿ ಬೇಸಿಗೆ ಓದುತ್ತಿದ್ದೆವು.

ನೆದರ್ಲೆಂಡ್ಸ್‌ನವರಿಗೆ ನೀರಿನ ಭಯ ಇಲ್ಲ ಅಂತಲ್ಲ. ದೇಶದ ಕಾಲು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. 1953ರ ಪ್ರವಾಹದಲ್ಲಿ 1,836 ಜನ ಸತ್ತರು. ಆದರೆ ಇವರು ಭಯಕ್ಕೂ ಒಂದು ಸಿಲಬಸ್ ಮಾಡಿಕೊಂಡಿದ್ದಾರೆ. 'ಎ' ಪರೀಕ್ಷೆಯಲ್ಲಿ ಮಕ್ಕಳು ಬಟ್ಟೆ, ಶೂ ಹಾಕಿಕೊಂಡೇ ನೀರಿಗಿಳಿಯಬೇಕು. ಕಾಲುವೆಗೆ ಬೀಳುವವರು ಈಜುಡುಗೆ ಹಾಕಿಕೊಂಡು ಬೀಳುವುದಿಲ್ಲವಲ್ಲ! ನೀರೊಳಗೆ ಒಂದು ಪರದೆ ಕಟ್ಟಿರುತ್ತಾರೆ, ಅದರಲ್ಲಿ ದೊಡ್ಡ ತೂತು. ಮುಳುಗಿ ಹೋಗಿ ಆ ತೂತಿನಿಂದ ಆಚೆ ಬರಬೇಕು. ಮಗಳು ಮುಳುಗಿದಾಗ ಉಸಿರು ಕಟ್ಟಿದ್ದು ನಾನು.

ಮುಂದಿನ ವಾರವೇ ದೊಡ್ಡವರ ಕ್ಲಾಸಿಗೆ ಸೇರಿದೆ. ನನಗೆ ನಲವತ್ತೊಂದು. ಬ್ಯಾಚಿನಲ್ಲಿ ಏಳು ಜನ, ಎಲ್ಲರೂ ಬೇರೆ ಬೇರೆ ದೇಶದಿಂದ ಬಂದವರು. ಬಟ್ಟೆ ಹಾಕಿಕೊಂಡು ಈಜುವುದು ನಮಗೂ ಇದೆ ಅಂತ ಗೊತ್ತಾದಾಗ ತಮಾಷೆಗೆ ಕೇಳಿದೆ, ಸೀರೆ ಆದರೆ ರಿಯಾಯಿತಿ ಇದೆಯಾ? ಟೀಚರಮ್ಮ ನಗಲಿಲ್ಲ. ನಿಜವಾಗಿಯೂ ಯೋಚಿಸಿದರು. "ನೀನು ದಿನಾ ಸೀರೆ ಉಡ್ತೀಯಾ? ಹಾಗಾದ್ರೆ ಸೀರೆಯಲ್ಲೇ ಕಲೀಬೇಕು."

ಇಲ್ಲಿನ ಮೊದಲ ಪಾಠ ಕಪ್ಪೆ ಈಜು. ಇವರ ಭಾಷೆಯಲ್ಲಿ ಅದರ ಹೆಸರೇ 'ಸ್ಖೋಲ್‌ಸ್ಲಾಖ್', ಅಂದರೆ ಶಾಲೆಯ ಈಜು. ನೋಡಲು ಸುಲಭ. ಕಾಲು ಮಡಚು, ಅಗಲಿಸಿ ಒದೆ, ಜೋಡಿಸು, ಸುಮ್ನೆ ತೇಲು. ಆದರೆ ಒದೆಯುವಾಗ ಪಾದ ಎರಡೂ ಹೊರಕ್ಕೆ ತಿರುಗಿರಬೇಕು, ಇಲ್ಲದಿದ್ದರೆ ಎಷ್ಟು ಒದ್ದರೂ ಇದ್ದಲ್ಲೇ ಇರುತ್ತೀರಿ. ನನ್ನ ಪಾದ ತಿರುಗಲೇ ಇಲ್ಲ. ಟೀಚರಮ್ಮ ನೀರಿಗಿಳಿದು, ಹಿಮ್ಮಡಿ ಹಿಡಿದು, ಬಾಗಿಲ ಚಿಲಕ ತಿರುಗಿಸುವ ಹಾಗೆ ತಿರುಗಿಸಿದರು. ಆಗ ನೆನಪಾಯಿತು. ಇದು ಅರೆಮಂಡಿ ಅಲ್ವಾ! ಚಿಕ್ಕವಳಿದ್ದಾಗ ಎರಡು ವರ್ಷ ಭರತನಾಟ್ಯದ ಕ್ಲಾಸಿನಲ್ಲಿ ಇದೇ ಪಾದಕ್ಕೆ ಬೈಸಿಕೊಂಡಿದ್ದೆ. ಅಡ್ಡ ಮಲಗಿ ಅರೆಮಂಡಿ ಅಂದುಕೊಂಡೆ. ದೇಹ ಒಂದು ಗೇಣು ಮುಂದೆ ಹೋಯಿತು. ಮೂವತ್ತು ವರ್ಷದ ಮೇಲೆ ಆ ಫೀಸು ವಸೂಲಾಯಿತು.

ಕಾಲಿಗಿಂತ ಕಷ್ಟ ಉಸಿರು. ನಮಗೆ ನೀರು ಕಂಡರೆ ಉಸಿರು ಬಿಗಿಹಿಡಿಯುವುದೇ ಗೊತ್ತು. ಇಲ್ಲಿ ಮುಖ ನೀರಿನಲ್ಲಿದ್ದಾಗಲೇ ಉಸಿರು ಬಿಟ್ಟು ಮುಗಿಸಬೇಕು, ತಲೆ ಎತ್ತಿದಾಗ ಬರೀ ಎಳೆದುಕೊಳ್ಳುವುದು. ಮೊದಮೊದಲು ಎರಡನ್ನೂ ಮೇಲೆ ಬಂದಾಗಲೇ ಮಾಡಲು ಹೋಗಿ ಎಷ್ಟು ಕ್ಲೋರಿನ್ ನೀರು ಕುಡಿದೆನೋ. ಮನೆಯಲ್ಲಿ ವಾಶ್‌ಬೇಸಿನ್ ತುಂಬಿಸಿ, ಮುಖ ಅದ್ದಿ, ಗುಳ್ಳೆ ಬಿಡುವ ಹೋಮ್‌ವರ್ಕ್ ಕೊಟ್ಟರು. ಮಗಳು ಪಕ್ಕದಲ್ಲಿ ನಿಂತು ಎಣಿಸುತ್ತಿದ್ದಳು.

ಮೊನ್ನೆ ಮಂಗಳವಾರ ಮೊದಲ ಸಲ 25 ಮೀಟರ್ ನಿಲ್ಲದೆ ದಾಟಿದೆ. ಅಂಗಾತ ಈಜುವುದು ಇನ್ನೂ ಓರೆಯಾಗಿಯೇ ಹೋಗುತ್ತಿದೆ, ಅದಿರಲಿ. ಮನೆಗೆ ಬಂದವಳೇ ಊರಿಗೆ ಫೋನ್ ಮಾಡಿದೆ. ಅಮ್ಮ ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದರು, ಫೋನ್ ಕಲ್ಲಿನ ಮೇಲೆ, ಸ್ಪೀಕರ್ ಹಾಕಿಕೊಂಡು.

"ಎಂತ ಮಾರಾಯ್ತಿ, ಈ ವಯಸ್ಸಲ್ಲಿ. ಯಾರಾದ್ರೂ ನೋಡಿದ್ರೆ?"

"ಎಲ್ಲರೂ ನೋಡ್ತಾರಮ್ಮ. ಯಾರಿಗೂ ಪುರುಸೊತ್ತಿಲ್ಲ."

ಅಮ್ಮ ಮಾತಾಡಲಿಲ್ಲ. ಅರವತ್ತೆಂಟು ವರ್ಷ ತುಂಗೆಯ ಪಕ್ಕದಲ್ಲೇ ಬದುಕಿದವರು, ಸೊಂಟದ ಮೇಲೆ ನೀರು ಬಂದರೆ ಮೂಗು ಮುಚ್ಚಿಕೊಂಡು ಮೂರು ಮುಳುಗು ಹಾಕಿ ಎದ್ದುಬಿಡುವವರು. ಪಾತ್ರೆಯ ಸದ್ದು ನಿಂತಿತು.

"ಮೂಗಿಗೆ ನೀರು ಹೋಗಲ್ವನೇ?"

"ಮುಖ ಒಳಗಿದ್ದಾಗ ಉಸಿರು ಬಿಡ್ತಾ ಇದ್ರೆ ಹೋಗಲ್ಲ. ಬಿಗಿ ಹಿಡಿದ್ರೇ ಹೋಗೋದು."

"ಬಿಡೋದಾ? ಒಳಗಿದ್ದಾಗ್ಲಾ?"

ಬಕೆಟ್ಟು ಎಳೆದ ಸದ್ದಾಯಿತು. ಆಮೇಲೆ ಬುಡುಬುಡು ಅಂತ ಒಂದು ಶಬ್ದ, ಹಿಂದೆಯೇ ಜೋರು ಕೆಮ್ಮು.

"ಹೋಯ್ತು ಕಣೇ ಮೂಗಿಗೆ" ಅಂದರು ಅಮ್ಮ. "ಇರು, ಇನ್ನೊಂದ್ ಸಲ ನೋಡ್ತೀನಿ."