ರೇಡಿಯೋಹೆಡ್ ಕೇಳಲು ಹೋಗುವವರಿಗೆ: ಲಂಡನ್ ಮತ್ತು ಆಕ್ಸ್‌ಫರ್ಡ್

2018ರ ಆಗಸ್ಟ್ 1ರಂದು ಫಿಲಡೆಲ್ಫಿಯಾದಲ್ಲಿ ನುಡಿಸಿದ ಮೇಲೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ಕಡೆಯ ರಾಕ್ ಬ್ಯಾಂಡ್ ರೇಡಿಯೋಹೆಡ್ ಏಳು ವರ್ಷ ವೇದಿಕೆ ಹತ್ತಲಿಲ್ಲ. ಹೊಸ ಆಲ್ಬಂ ಕೂಡ ಬರಲಿಲ್ಲ. ಹಾಡುಗಾರ ಟಾಮ್ ಯಾರ್ಕ್ ಮತ್ತು ಗಿಟಾರ್ ನುಡಿಸುವ ಜಾನಿ ಗ್ರೀನ್‌ವುಡ್ ‘ದಿ ಸ್ಮೈಲ್’ ಅನ್ನೋ ಬೇರೆ ಬ್ಯಾಂಡ್ ಕಟ್ಟಿಕೊಂಡು ಊರೂರು ಸುತ್ತಿದರು. ರೇಡಿಯೋಹೆಡ್‌ನ ಐವರನ್ನು ಒಟ್ಟಿಗೆ ನೋಡುವ ಯೋಗ ಇನ್ನಿಲ್ಲ ಅಂತ ನಾನು ಕೈಬಿಟ್ಟಿದ್ದೆ. ಅಷ್ಟರಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಸುದ್ದಿ ಬಂತು: ಮ್ಯಾಡ್ರಿಡ್, ಬೊಲೊನ್ಯಾ, ಲಂಡನ್, ಕೋಪನ್‌ಹೇಗನ್, ಬರ್ಲಿನ್. ಐದೇ ಊರು, ಊರಿಗೆ ನಾಲ್ಕು ರಾತ್ರಿ.

ಭಾರತಕ್ಕೆ ಈ ಬ್ಯಾಂಡ್ ಇವತ್ತಿನವರೆಗೆ ಬಂದಿಲ್ಲ. ಜಾನಿ ಒಬ್ಬರು 2015ರಲ್ಲಿ ಜೋಧಪುರದ ಮೆಹ್ರಾನ್‌ಗಢ ಕೋಟೆಯಲ್ಲಿ ಕೂತು ರಾಜಸ್ಥಾನದ ಕಲಾವಿದರ ಜೊತೆ ಒಂದು ಆಲ್ಬಂ ಮಾಡಿ ಹೋದರು, ಅಷ್ಟೇ. ಹಾಗಾಗಿ ನಮ್ಮ ಕಡೆಯವರು ನೋಡಬೇಕು ಅಂದರೆ ನಾವೇ ಹೋಗಬೇಕು. ನಾನು ಬೆಂಗಳೂರಿನಿಂದ ಲಂಡನ್‌ಗೆ ಹೋಗಿ ನೋಡಿ ಬಂದೆ. ಮುಂದಿನ ಸಲ ಹೋಗಬೇಕು ಅಂದುಕೊಂಡವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲ ಮಾತು: ಊರಿಂದೂರಿಗೆ ಓಡಬೇಡಿ. ಒಂದೇ ಊರನ್ನು ಆರಿಸಿಕೊಳ್ಳಿ, ಅಲ್ಲಿ ಸಾಧ್ಯವಾದರೆ ಎರಡು ರಾತ್ರಿ ಕೇಳಿ. ಈ ಬ್ಯಾಂಡ್ ದಿನಾ ಅದೇ ಪಟ್ಟಿ ನುಡಿಸುವುದಿಲ್ಲ. ಒಂದು ರಾತ್ರಿಗೆ ಸುಮಾರು 25 ಹಾಡು, ಆದರೆ ನಿನ್ನೆ ಕೇಳಿದ್ದರಲ್ಲಿ ಎಷ್ಟೋ ಇವತ್ತು ಇರುವುದಿಲ್ಲ. ಒಂಬತ್ತು ಆಲ್ಬಂಗಳಿಂದ ಹೆಕ್ಕಿ ಹೆಕ್ಕಿ ನುಡಿಸುತ್ತಾರೆ. ಮೊದಲ ರಾತ್ರಿ ಗಿಟಾರ್ ಜಾಸ್ತಿ ಅನ್ನಿಸಿದ ಬ್ಯಾಂಡೇ ಮರುಸಲ ತಣ್ಣನೆಯ ಎಲೆಕ್ಟ್ರಾನಿಕ್ ನಾದದಲ್ಲಿ ಮುಳುಗಿಸುತ್ತದೆ. ಎರಡೂ ಕೇಳಿದರೆ ಮಾತ್ರ ಇವರು ಏನು ಅಂತ ಗೊತ್ತಾಗುವುದು. ಅದು ನನ್ನ ಗಟ್ಟಿ ಅಭಿಪ್ರಾಯ.

ಒಂದೇ ಹಾಡಿಗಾಗಿ ಹೋಗುವವರು ಸ್ವಲ್ಪ ಯೋಚಿಸಿ. ‘ಕ್ರೀಪ್’ 1992ರಲ್ಲಿ ಬಂದಾಗ ಬ್ರಿಟನ್ನಿನಲ್ಲಿ ಯಾರೂ ಅಷ್ಟಾಗಿ ಕೇಳಲಿಲ್ಲ. ಮೊದಲು ಇಸ್ರೇಲ್‌ನಲ್ಲಿ, ಆಮೇಲೆ ಅಮೆರಿಕದಲ್ಲಿ ಹಿಡಿಯಿತು. ಆಮೇಲೆ ಎಲ್ಲಿ ಹೋದರೂ ಜನ ಅದನ್ನೇ ಕೇಳತೊಡಗಿದರು. ಬ್ಯಾಂಡ್‌ಗೆ ಅದು ಸಾಕಾಗಿ ಹೋಗಿ, ಎಷ್ಟೋ ವರ್ಷ ಅದನ್ನು ಪಟ್ಟಿಯಿಂದಲೇ ಕೈಬಿಟ್ಟಿತ್ತು. 1997ರ ‘ಓಕೆ ಕಂಪ್ಯೂಟರ್’ ಜಗತ್ತಿನಾದ್ಯಂತ ಹೆಸರು ತಂದ ಮೇಲೂ ಅದೇ ದಾರಿಯಲ್ಲಿ ಹೋಗದೆ, 2000ದಲ್ಲಿ ಗಿಟಾರನ್ನು ಬಹುಪಾಲು ಪಕ್ಕಕ್ಕಿಟ್ಟು ‘ಕಿಡ್ ಎ’ ಮಾಡಿದರು. ಆ ವರ್ಷ ಯುರೋಪಿನಲ್ಲಿ ಜಾಹೀರಾತಿನ ಒಂದು ಫಲಕವೂ ಇಲ್ಲದ ತಮ್ಮದೇ ಡೇರೆ ಹಾಕಿಕೊಂಡು ನುಡಿಸಿದರು. 2007ರಲ್ಲಿ ‘ಇನ್ ರೇನ್‌ಬೋಸ್’ ಆಲ್ಬಂಗೆ ಕೇಳುಗರೇ ಬೆಲೆ ಕಟ್ಟಲಿ ಅಂದರು. ಜನ ಕೇಳಿದ್ದನ್ನಲ್ಲ, ತಮಗೆ ಸರಿ ಕಂಡಿದ್ದನ್ನು ಮಾಡಿಕೊಂಡು ಬಂದವರು ಇವರು. ಯಾವ ಹಾಡು ಬಂದರೂ ಸರಿ ಅನ್ನುವ ಮನಸ್ಸಿದ್ದರೆ ಹಣ ಖರ್ಚು ಮಾಡಿ ಹೋಗಿ.

ಟಿಕೆಟ್ ವಿಷಯಕ್ಕೆ ಬರೋಣ. ಘೋಷಣೆಗೆ ಒಂದೆರಡು ದಿನ ಮುಂಚೆ ಆ ಊರುಗಳಲ್ಲಿ ಕರಪತ್ರಗಳು ಕಾಣಿಸಿಕೊಂಡವು. ಸೆಪ್ಟೆಂಬರ್ 3ಕ್ಕೆ ಅಧಿಕೃತವಾಗಿ ಹೇಳಿದರು. ಹೆಸರು ನೋಂದಾಯಿಸಲು ಕೊಟ್ಟಿದ್ದು 5ರಿಂದ 7ರವರೆಗೆ ಮಾತ್ರ, ಅದೂ ಬ್ಯಾಂಡಿನ ಸ್ವಂತ ಜಾಲತಾಣದಲ್ಲಿ. ನೋಂದಾಯಿಸಿದವರಲ್ಲಿ ಕೆಲವರಿಗೆ ಲಾಟರಿಯ ಹಾಗೆ ಒಂದು ಕೋಡ್ ಬಂತು. ಕೋಡ್ ಇದ್ದವರಿಗೆ 12ರಂದು ಟಿಕೆಟ್ ಕೊಳ್ಳುವ ಅವಕಾಶ. ಆ ವಾರಾಂತ್ಯ ಫೋನ್ ನೋಡದೆ ಇದ್ದವರಿಗೆ ಬಾಗಿಲು ಮುಚ್ಚಿದಂತೆಯೇ. ಆದ್ದರಿಂದ ಬ್ಯಾಂಡಿನ ಮೇಲಿಂಗ್ ಲಿಸ್ಟ್‌ಗೆ ಈಗಲೇ ಸೇರಿಕೊಳ್ಳಿ. ಸಮಯದ ಲೆಕ್ಕವನ್ನೂ ನೆನಪಿಡಿ. ಬ್ರಿಟನ್ನಿನ ಬೆಳಿಗ್ಗೆ 10 ಅಂದರೆ ಬೇಸಿಗೆಯಲ್ಲಿ ನಮಗೆ ಮಧ್ಯಾಹ್ನ 2:30. ಅಕ್ಟೋಬರ್ ಕೊನೆಯ ಭಾನುವಾರದ ನಂತರ ಅದೇ 3:30 ಆಗುತ್ತದೆ.

ಕೋಡ್ ಸಿಗಲಿಲ್ಲ ಅಂತ ಕಂಡ ಕಂಡ ಕಡೆ ಮೂರು ನಾಲ್ಕು ಪಟ್ಟು ಕೊಟ್ಟು ಕೊಳ್ಳಬೇಡಿ. ಹೋಗಲು ಆಗದವರು ಅಧಿಕೃತ ಮರುಮಾರಾಟಕ್ಕೆ ಟಿಕೆಟ್ ಬಿಡುತ್ತಾರೆ. ಕಾರ್ಯಕ್ರಮ ಹತ್ತಿರ ಬಂದ ಹಾಗೆ ಇನ್ನೂ ಜಾಸ್ತಿ ಬಿಡುತ್ತಾರೆ. ನನ್ನ ಎರಡನೇ ರಾತ್ರಿಯ ಟಿಕೆಟ್ ಸಿಕ್ಕಿದ್ದು ಹೀಗೇ, ಲಂಡನ್‌ನಲ್ಲಿ ತಿಂಡಿ ತಿನ್ನುತ್ತಾ ಕೂತಿದ್ದಾಗ.

ಟಿಕೆಟ್ ಕೊಂಡ ದಿನದಿಂದ ಲಂಡನ್ನಿನ ಮೊದಲ ರಾತ್ರಿಗೆ ಹತ್ತು ವಾರ ಇತ್ತು. ವೀಸಾಕ್ಕೆ ಅಷ್ಟು ಸಾಕು, ಆದರೆ ಸುಮ್ನೆ ಕೂರುವ ಹಾಗಿಲ್ಲ. ಭೇಟಿ ವೀಸಾ ಆರು ತಿಂಗಳದ್ದು, ನಾನು ಹೋದಾಗ ಶುಲ್ಕ 127 ಪೌಂಡ್. ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರ ಅನ್ನುತ್ತಾರೆ. ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸದ ಕಡೆಯಿಂದ ರಜೆ ಪತ್ರ, ಜೊತೆಗೆ ಕಾರ್ಯಕ್ರಮದ ಟಿಕೆಟ್ಟಿನ ರಸೀದಿ ಇಡಿ. ಯಾಕೆ ಹೋಗುತ್ತಿದ್ದೀರಿ ಅನ್ನುವ ಪ್ರಶ್ನೆಗೆ ಅದಕ್ಕಿಂತ ನೇರವಾದ ಉತ್ತರ ಇಲ್ಲ. ವೀಸಾ ಕೈಗೆ ಬರುವ ತನಕ ಹಣ ವಾಪಸ್ ಬರದ ವಿಮಾನದ ಟಿಕೆಟ್ ತೆಗೆಯಬೇಡಿ. ಬೆಂಗಳೂರಿನಿಂದ ಲಂಡನ್‌ಗೆ ನೇರ ವಿಮಾನಗಳಿವೆ.

ಉಳಿಯುವುದು ಎಲ್ಲಿ? ಕಾರ್ಯಕ್ರಮ ಇದ್ದಿದ್ದು ಓ2 ಅರೀನಾದಲ್ಲಿ. ಅದಕ್ಕೆ ಟ್ಯೂಬ್ (ಲಂಡನ್ನಿನ ಮೆಟ್ರೋ) ನಿಲ್ದಾಣ ನಾರ್ತ್ ಗ್ರೀನಿಚ್, ಜುಬಿಲಿ ಲೈನ್. ಲಂಡನ್ನಿನ ನಡುಮಧ್ಯೆ ದುಬಾರಿ ರೂಮ್ ಹಿಡಿಯುವ ಅಗತ್ಯ ಇಲ್ಲ. ನಾನು ಈಸ್ಟ್ ಹ್ಯಾಮ್ ಆರಿಸಿಕೊಂಡೆ. ಅಲ್ಲಿಂದ ಡಿಸ್ಟ್ರಿಕ್ಟ್ ಲೈನ್‌ನಲ್ಲಿ ವೆಸ್ಟ್ ಹ್ಯಾಮ್, ಅಲ್ಲಿ ಜುಬಿಲಿಗೆ ಬದಲಿಸಿದರೆ ಎರಡನೇ ನಿಲ್ದಾಣವೇ ನಾರ್ತ್ ಗ್ರೀನಿಚ್. ಈಸ್ಟ್ ಹ್ಯಾಮ್‌ನ ಹೈ ಸ್ಟ್ರೀಟ್ ನಾರ್ತ್‌ನಲ್ಲಿ ದಕ್ಷಿಣ ಭಾರತದ ಸಸ್ಯಾಹಾರಿ ಹೋಟೆಲ್‌ಗಳಿವೆ. ನವೆಂಬರ್ ಕೊನೆಯಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವ ಊರಿನಲ್ಲಿ ಬಿಸಿ ದೋಸೆ, ಕಾಫಿ ಎಷ್ಟು ಸಮಾಧಾನ ಕೊಡುತ್ತದೆ ಅನ್ನುವುದು ಅಲ್ಲಿ ಹೋದವರಿಗೇ ಗೊತ್ತು. ಟ್ಯೂಬ್‌ಗೆ ಬೇರೆ ಪಾಸ್ ಬೇಡ, ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಸಾಕು. ಒಳಗೆ ಹೋಗುವಾಗ ಮುಟ್ಟಿಸಿದ ಕಾರ್ಡನ್ನೇ ಹೊರಗೆ ಬರುವಾಗಲೂ ಮುಟ್ಟಿಸಿ.

ಓ2 ಒಳಗೆ ಎ4 ಹಾಳೆಗಿಂತ ದೊಡ್ಡ ಬ್ಯಾಗ್ ಬಿಡುವುದಿಲ್ಲ. ನಗದು ನಡೆಯುವುದಿಲ್ಲ. ಟಿಕೆಟ್ ಫೋನಿನಲ್ಲೇ ಇರುತ್ತದೆ, ಹಾಗಾಗಿ ಚಾರ್ಜ್ ಉಳಿಸಿಕೊಳ್ಳಿ. ಹೊರಗೆ ಕೊರೆಯುವ ಚಳಿ, ಒಳಗೆ ಸೆಖೆ. ಮೇಲಿಂದ ಮೇಲೆ ಹಾಕಿಕೊಂಡು ತೆಗೆಯಬಹುದಾದ ಬಟ್ಟೆ ಒಳ್ಳೆಯದು. ಕಿವಿಗೆ ಇಯರ್‌ಪ್ಲಗ್ ಇಟ್ಟುಕೊಳ್ಳಿ, ಅದರಿಂದ ಸಂಗೀತ ಏನೂ ಕಡಿಮೆ ಆಗುವುದಿಲ್ಲ.

ಈ ಸಲದ ವೇದಿಕೆ ಒಂದು ಕೊನೆಯಲ್ಲಿ ಇರಲಿಲ್ಲ. ಅಂಗಳದ ಮಧ್ಯದಲ್ಲಿತ್ತು, ದುಂಡಗೆ, ಸುತ್ತ ಎತ್ತಿ ಇಳಿಸುವ ಪರದೆಗಳು. ಜನ ನಾಲ್ಕೂ ಕಡೆ. ಯಾರ್ಕ್ ಒಂದು ಹಾಡಿಗೆ ನಿಮ್ಮ ಕಡೆ ಮುಖ ಮಾಡಿ ನಿಂತರೆ ಮುಂದಿನದಕ್ಕೆ ಬೆನ್ನು ಹಾಕಿರುತ್ತಾರೆ. ಆದರೆ ಆಗ ಜಾನಿ ನಿಮ್ಮೆದುರಿಗೆ ಬಗ್ಗಿಕೊಂಡು ಏನೋ ಯಂತ್ರದ ಗುಂಡಿ ತಿರುಗಿಸುತ್ತಿರುತ್ತಾರೆ. ಇನ್ನೊಂದು ಕಡೆ ಕಾಲಿನ್ ಗ್ರೀನ್‌ವುಡ್ ಬೇಸ್ ಹಿಡಿದು ಸುಮ್ಮನೆ ನಗುತ್ತಿರುತ್ತಾರೆ. ಗಿಟಾರ್‌ಗೆ ಎಡ್ ಒಬ್ರಯನ್, ಡ್ರಮ್‌ಗೆ ಫಿಲ್ ಸೆಲ್ವೇ, ಇವರ ಜೊತೆ ಎರಡನೇ ಡ್ರಮ್ ನುಡಿಸುವವರಾಗಿ ಕ್ರಿಸ್ ವಟಲಾರೊ. ಎರಡು ಡ್ರಮ್ ಸೇರಿದಾಗ ನೆಲ ಅದುರುವುದು ಕಾಲಿಗೆ ತಿಳಿಯುತ್ತಿತ್ತು.

ಒಂದು ರಾತ್ರಿ ಕೆಳಗೆ ನಿಂತು ಕೇಳಿದೆ, ಇನ್ನೊಂದು ರಾತ್ರಿ ಮೇಲಿನ 400ರ ಸಾಲಿನಿಂದ. ಮೇಲೆ ತುಂಬಾ ಕಡಿದಾಗಿದೆ, ಎತ್ತರಕ್ಕೆ ಹೆದರುವವರು 100ರ ಸಾಲಿನಲ್ಲೇ ಹುಡುಕಿ. ಆದರೆ ಮಧ್ಯದ ವೇದಿಕೆಯ ಪೂರ್ತಿ ವಿನ್ಯಾಸ, ಆರು ಜನ ಒಬ್ಬರನ್ನೊಬ್ಬರು ನೋಡಿಕೊಂಡು ನುಡಿಸುವ ರೀತಿ, ಅದು ಕಂಡಿದ್ದು ಮೇಲಿನಿಂದಲೇ. ಕೆಳಗೆ ನಿಂತಾಗ ಪಕ್ಕದಲ್ಲಿದ್ದ ನನ್ನ ತಂದೆಯ ವಯಸ್ಸಿನವರೊಬ್ಬರು ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ನನಗೂ ಗಂಟಲು ಕಟ್ಟಿತ್ತು. ಕಾಲೇಜಿನ ದಿನಗಳಿಂದ ಹೆಡ್‌ಫೋನ್‌ನಲ್ಲಿ ಒಬ್ಬನೇ ಕೇಳಿದ ಹಾಡನ್ನು 20 ಸಾವಿರ ಜನ ಒಟ್ಟಿಗೆ ಹಾಡಿದರೆ ಯಾರಿಗೆ ತಾನೆ ಹಾಗಾಗುವುದಿಲ್ಲ?

ಮುಗಿಯುವುದು ಹನ್ನೊಂದರೊಳಗೆ. ನಾರ್ತ್ ಗ್ರೀನಿಚ್‌ನಲ್ಲಿ ಜನಸಾಗರ, ಆದರೆ ಸಾಲು ಬೇಗ ಕರಗುತ್ತದೆ. ಶುಕ್ರವಾರ, ಶನಿವಾರ ಜುಬಿಲಿ ರಾತ್ರಿಯಿಡೀ ಓಡುತ್ತದೆ. ಬೇರೆ ದಿನ ನಡುರಾತ್ರಿ ದಾಟಿದ ಮೇಲೆ ನಿಲ್ಲುತ್ತದೆ, ತಡ ಮಾಡಬೇಡಿ.

ಎರಡು ರಾತ್ರಿಗಳ ನಡುವೆ ಬಿಡುವು ಸಿಕ್ಕರೆ ಆಕ್ಸ್‌ಫರ್ಡ್‌ಗೆ ಹೋಗಿ. ನನ್ನ ಮಟ್ಟಿಗೆ ಅದಿಲ್ಲದೆ ಈ ಪ್ರಯಾಣ ಅರ್ಧವೇ. ಪ್ಯಾಡಿಂಗ್ಟನ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ‘ಆಕ್ಸ್‌ಫರ್ಡ್ ಟ್ಯೂಬ್’ ಅನ್ನೋ ಬಸ್ಸಿಗೆ ಸಮಯ ಜಾಸ್ತಿ ಬೇಕು, ಹಣ ಕಡಿಮೆ. ನಾನು ಹೋದಾಗ ಆಶ್ಮೋಲಿಯನ್ ಮ್ಯೂಸಿಯಂನಲ್ಲಿ ಈ ಬ್ಯಾಂಡಿನ ಆಲ್ಬಂ ಹೊದಿಕೆಗಳ ಚಿತ್ರಗಳದ್ದೇ ಪ್ರದರ್ಶನ ಇತ್ತು. 2025ರ ಆಗಸ್ಟ್‌ನಿಂದ 2026ರ ಜನವರಿವರೆಗೆ ನಡೆಯಿತು. ಚಿತ್ರ ಕಲಾವಿದ ಸ್ಟ್ಯಾನ್ಲಿ ಡಾನ್‌ವುಡ್ ಮತ್ತು ಯಾರ್ಕ್ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಸಹಪಾಠಿಗಳು. 90ರ ದಶಕದಿಂದ ಪ್ರತಿ ಆಲ್ಬಂ ಹೊದಿಕೆಯನ್ನೂ ಇಬ್ಬರೂ ಸೇರಿ ಮಾಡಿದ್ದಾರೆ. ‘ಕಿಡ್ ಎ’ ಹೊದಿಕೆಯ ಬೆಟ್ಟಗಳನ್ನು ನಾನು ಅಂಗೈಯಗಲದ ಸಿಡಿಯಲ್ಲಿ ನೋಡಿ ಬೆಳೆದವನು. ಆ ಕಾಲದ ಬೆಟ್ಟದ ಚಿತ್ರಗಳು ಗೋಡೆಯಷ್ಟು ದೊಡ್ಡ ಕ್ಯಾನ್ವಾಸ್‌ಗಳು, ಬಣ್ಣ ಕೆರೆದ ಗುರುತು ಕೂಡ ಕಾಣುತ್ತದೆ. ಯಾರ್ಕ್ ಹಾಡು ಬರೆದ ನೋಟ್‌ಪುಸ್ತಕಗಳ ಮುಂದೆ ಬಹಳ ಹೊತ್ತು ನಿಂತೆ.

ಆ ಪ್ರದರ್ಶನ ಮುಗಿದಿದೆ, ಆದರೆ ಊರು ಇದೆ. ಮ್ಯೂಸಿಯಂನಿಂದ ನಡೆದು ಹೋಗಬಹುದಾದ ವಾಲ್ಟನ್ ಸ್ಟ್ರೀಟ್‌ನಲ್ಲಿ ಜೆರಿಕೋ ಟ್ಯಾವರ್ನ್ ಅನ್ನೋ ಪಬ್ ಇದೆ. ‘ಆನ್ ಎ ಫ್ರೈಡೇ’ ಅಂತ ಹೆಸರಿಟ್ಟುಕೊಂಡಿದ್ದಾಗ ಇವರು ನುಡಿಸುತ್ತಿದ್ದುದು ಅಲ್ಲೇ. ಆ ಹೆಸರು ಬಂದಿದ್ದು ಶುಕ್ರವಾರದ ಅಭ್ಯಾಸದಿಂದ, ಓದಿದ ಅಬಿಂಗ್ಡನ್ ಶಾಲೆಯ ಸಂಗೀತದ ಕೋಣೆಯಲ್ಲಿ. ಶಾಲೆಗೆ ಹೋಗಿ ಗೇಟ್ ಹತ್ತಿರ ನಿಲ್ಲುವುದು ಬೇಡ, ಅದು ಮಕ್ಕಳು ಓದುವ ಜಾಗ. ಬದಲಿಗೆ ಕೌಲಿ ರೋಡ್ ಕಡೆ ನಡೆಯಿರಿ. ‘ಕ್ರೀಪ್’ ವಿಡಿಯೋ ತೆಗೆದ ಸಭಾಂಗಣ ಅಲ್ಲಿದೆ, ಈಗ ಅದು ಓ2 ಅಕಾಡೆಮಿ. ಅಲ್ಲಿಂದ ಸೌತ್ ಪಾರ್ಕ್ ದೂರ ಇಲ್ಲ, ಪ್ರವೇಶ ಶುಲ್ಕವೂ ಇಲ್ಲ. 2001ರ ಜುಲೈ 7ರಂದು ಸುಮಾರು 40 ಸಾವಿರ ಜನರ ಮುಂದೆ ಇವರು ಇಲ್ಲಿ ಹುಟ್ಟೂರಿನ ಕಾರ್ಯಕ್ರಮ ಮಾಡಿದರು. ಕೊನೆಯಲ್ಲಿ ಜಾನಿಯ ಆರ್ಗನ್ ಕೈಕೊಟ್ಟಿತು. ಆಗ ಬಿಟ್ಟೇಬಿಟ್ಟಿದ್ದ ‘ಕ್ರೀಪ್’ ನುಡಿಸಿದರು. ಇಳಿಜಾರಿನ ಹುಲ್ಲಿನ ಮೇಲೆ ಕೂತರೆ ಊರಿನ ಗೋಪುರಗಳೆಲ್ಲ ಕಾಣುತ್ತವೆ. ಹಗಲಲ್ಲೇ ಹೋಗಿ.

ಒಂದೇ ಊರು ಅಂದಿದ್ದಕ್ಕೆ ಇನ್ನೂ ಒಂದು ಕಾರಣ ಇದೆ. ಈ ಬ್ಯಾಂಡ್ ತನ್ನ ಪ್ರವಾಸದಿಂದ ಗಾಳಿಗೆ ಎಷ್ಟು ಇಂಗಾಲ ಸೇರುತ್ತದೆ ಅಂತ ಲೆಕ್ಕ ಹಾಕಿಸಿತ್ತು. ಬಸ್, ರೈಲು ಸಿಗುವ ಜಾಗಗಳನ್ನೇ ಆರಿಸುವ ಪ್ರಯತ್ನವನ್ನೂ 2008ರಲ್ಲಿ ಮಾಡಿತ್ತು. ಲೆಕ್ಕದಲ್ಲಿ ದೊಡ್ಡ ಪಾಲು ಕೇಳುಗರ ಓಡಾಟದ್ದೇ. ಬೆಂಗಳೂರಿನಿಂದ ಹಾರಿ ಹೋಗುವ ನಾವು ಯುರೋಪಿನೊಳಗೆ ಇನ್ನಷ್ಟು ಹಾರುವ ಬದಲು ಒಂದೇ ಕಡೆ ನಿಧಾನವಾಗಿ ಉಳಿಯುವುದು ನನಗೆ ಸರಿ ಕಂಡಿತು.

ವಾಪಸ್ ಬರುವ ದಿನಾಂಕಕ್ಕೆ ಸ್ವಲ್ಪ ಸಡಿಲ ಬಿಡಿ. ಕೋಪನ್‌ಹೇಗನ್‌ನಲ್ಲಿ ಯಾರ್ಕ್‌ಗೆ ಗಂಟಲಿನ ಸೋಂಕು ತಗುಲಿ ಡಿಸೆಂಬರ್ 1 ಮತ್ತು 2ರ ಕಾರ್ಯಕ್ರಮಗಳು 15, 16ಕ್ಕೆ ಹೋದವು. ಅಲ್ಲಿಗೆ ದೂರದಿಂದ ಬಂದವರ ಪಾಡು ನೆನೆದರೆ ಸಂಕಟ ಆಗುತ್ತದೆ. ಟಿಕೆಟ್ ಹಣ ವಾಪಸ್ ಬಂದರೂ ವಿಮಾನದ, ರೂಮಿನ ಹಣ ಬರುವುದಿಲ್ಲ. ಹಾಗಾಗಿ ರೂಮನ್ನು ರದ್ದು ಮಾಡಲು ಬರುವಂತೆ ಹಿಡಿಯಿರಿ, ದಿನಾಂಕ ಬದಲಿಸಬಹುದಾದ ವಿಮಾನದ ಟಿಕೆಟ್ ತೆಗೆಯಿರಿ. ಪ್ರಯಾಣ ವಿಮೆ ಮಾಡಿಸುವಾಗ ಕಾರ್ಯಕ್ರಮ ಮುಂದೂಡಿದರೆ ಅದು ಏನು ಕೊಡುತ್ತದೆ ಅಂತ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.