ಲಿಪ್ ಫಿಲ್ಲರ್ ಆದ ಮೇಲೆ ಸಿಗರೇಟ್ ಯಾವಾಗ ಸೇದಬಹುದು?

ಬೆಳಗಾವಿಯ ತಿಲಕವಾಡಿಯ ಒಂದು ಸ್ಕಿನ್ ಕ್ಲಿನಿಕ್‌ನಲ್ಲಿ ನಾನು ನರ್ಸ್. ತುಟಿ ತುಂಬಿಕೊಂಡು ಕಾಣಲಿ ಅಂತ ಸೂಜಿಯಿಂದ ಫಿಲ್ಲರ್ ಹಾಕಿಸಿಕೊಂಡವರಿಗೆ ಏನು ಮಾಡಬಾರದು ಅಂತ ಹೇಳಿ ಕಳಿಸುವುದು ನನ್ನ ಕೆಲಸ. ಎಲ್ಲ ಕೇಳಿಸಿಕೊಂಡು, ಚಪ್ಪಲಿ ಹಾಕಿಕೊಳ್ಳುವಾಗ ಮೆಲ್ಲಗೆ ಒಂದು ಪ್ರಶ್ನೆ ಬರುತ್ತದೆ. "ಸಿಸ್ಟರ್, ನನ್ನ ಫ್ರೆಂಡ್ ಕೇಳ್ತಿದ್ದಳು, ಇದಾದ ಮೇಲೆ ಸಿಗರೇಟ್ ಯಾವಾಗ ಸೇದಬಹುದು?"

ಆ ಫ್ರೆಂಡ್‌ಗೆ ನನ್ನ ಉತ್ತರ ಇದು. ಮೊದಲ 24 ಗಂಟೆ ಬೇಡವೇ ಬೇಡ. 48 ಗಂಟೆ ತಡೆದರೆ ಒಳ್ಳೆಯದು. ಊತ, ನೀಲಿ ಕಲೆ ಪೂರ್ತಿ ಇಳಿಯಲು ಒಂದೆರಡು ವಾರ ಬೇಕು, ಅಲ್ಲಿಯವರೆಗೆ ಬಿಟ್ಟರೆ ಇನ್ನೂ ಒಳ್ಳೆಯದು. ಡಾಕ್ಟರಿಂದ ಡಾಕ್ಟರಿಗೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ನಿಮ್ಮ ಡಾಕ್ಟರ್ ಜಾಸ್ತಿ ದಿನ ಹೇಳಿದ್ದರೆ ಅವರ ಮಾತೇ ಕೇಳಿ.

ಯಾಕೆ ಅಂತ ಹೇಳದೆ ಸುಮ್ನೆ ಬೇಡ ಅಂದರೆ ಯಾರೂ ಕೇಳುವುದಿಲ್ಲ. ಈಗ ಸಾಮಾನ್ಯವಾಗಿ ಹಾಕುವುದು ಹಯಲುರಾನಿಕ್ ಆಸಿಡ್ ಎನ್ನುವ ಜೆಲ್. ಸೂಜಿ ಚುಚ್ಚಿದ ತೂತುಗಳು ಮೊದಲ ದಿನ ಹಸಿಯಾಗೇ ಇರುತ್ತವೆ. ಊತ ಒಂದೆರಡು ದಿನ ಏರುತ್ತದೆ. ಆಗ ತುಟಿಗೆ ಬೇಕಾಗಿರುವುದು ಒಳ್ಳೆಯ ರಕ್ತ ಓಡಾಟ. ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಕಸಿಯುತ್ತದೆ. ಹಾಗಾಗಿ ಗಾಯ ನಿಧಾನವಾಗಿ ಮಾಯುತ್ತದೆ, ಸೋಂಕಿನ ಭಯವೂ ಹೆಚ್ಚು. ಇದರ ಮೇಲೆ, ಸೇದುವಾಗ ತುಟಿ ಮುದುಡಿ ಎಳೆಯಬೇಕು, ಕೈಬೆರಳು ಮತ್ತೆ ಮತ್ತೆ ಬಾಯಿಗೆ ಹೋಗುತ್ತದೆ. ಎಳನೀರಿಗೆ ಸ್ಟ್ರಾ ಬೇಡ ಅನ್ನುವುದೂ ಇದೇ ಕಾರಣಕ್ಕೆ.

ವೇಪ್‌ಗೂ, ಅಂದರೆ ಇ-ಸಿಗರೇಟಿಗೂ, ಇದೇ ಮಾತು. ನಮ್ಮ ದೇಶದಲ್ಲಿ 2019ರಿಂದ ಅದರ ಮಾರಾಟಕ್ಕೆ ನಿಷೇಧವಿದೆ, ಆದರೂ ಕೇಳುವವರು ಇದ್ದಾರೆ.

ನಮ್ಮ ಕಡೆ ಇನ್ನೊಂದು ತಮಾಷೆ ಇದೆ. "ಸ್ಮೋಕಿಂಗ್ ಉಂಟಾ?" ಅಂದರೆ "ಇಲ್ಲ" ಅನ್ನುತ್ತಾರೆ. ಅದು ಸುಳ್ಳೇನಲ್ಲ. ನಿಪ್ಪಾಣಿ ತಂಬಾಕಿನ ಜಿಲ್ಲೆ ನಮ್ಮದು. ಇಲ್ಲಿ ತಂಬಾಕಿಗೆ ಸುಣ್ಣ ತಿಕ್ಕಿ ತುಟಿಯ ಹಿಂದೆ ಇಡುವವರಿದ್ದಾರೆ, ಮಿಶ್ರಿಯಿಂದ, ಅಂದರೆ ಹುರಿದ ತಂಬಾಕಿನ ಪುಡಿಯಿಂದ, ಹಲ್ಲು ತಿಕ್ಕುವವರೂ ಇದ್ದಾರೆ. ಹೊಗೆ ಇಲ್ಲ ನಿಜ, ಆದರೆ ನಿಕೋಟಿನ್ ಅದೇ. ಅದರಲ್ಲೂ ಈಗಷ್ಟೇ ಸೂಜಿ ಬಿದ್ದ ತುಟಿಯ ಬೆನ್ನಿಗೇ ಇಡುವುದು! ಅದಕ್ಕೇ ನಾನು ಈಗ "ತಂಬಾಕು ಯಾವ ರೂಪದಲ್ಲಾದರೂ?" ಅಂತ ಕೇಳುತ್ತೇನೆ.

ನನಗೆ ಹೆಚ್ಚು ಚಿಂತೆ ಆ "ಫ್ರೆಂಡ್" ಬಗ್ಗೆ. ಬೆಳಗಾವಿ ದೊಡ್ಡ ಊರು ಅಂತೀವಿ, ಆದರೆ ಖಡೇಬಜಾರಿನಲ್ಲಿ ಕಂಡ ಮುಖವೇ ಸಂಜೆ ಕ್ಲಿನಿಕ್‌ನಲ್ಲೂ ಕಾಣುತ್ತದೆ. ಪಕ್ಕದಲ್ಲಿ ಅತ್ತೆಯೋ ಅಕ್ಕನೋ ಕೂತಿರುವಾಗ ಯಾವ ಹುಡುಗಿ ಸಿಗರೇಟ್ ಸೇದುತ್ತೇನೆ ಅನ್ನುತ್ತಾಳೆ? ಗಂಡಸರು ಇದೇ ಮಾತನ್ನು ಜೋರಾಗಿ ಹೇಳುತ್ತಾರೆ, ಯಾರೂ ಹುಬ್ಬೇರಿಸುವುದಿಲ್ಲ. ಈ ಅನ್ಯಾಯ ನನಗೆ ಗೊತ್ತು. ಅದಕ್ಕೆ ಉಪಾಯ ಒಂದೇ, "ಡಾಕ್ಟರ್ ಹತ್ತಿರ ಒಬ್ಬಳೇ ಮಾತಾಡಬೇಕು" ಅನ್ನಿ. ಅದು ನಿಮ್ಮ ಹಕ್ಕು. ಸೂಜಿಗೆ ಮೊದಲೇ ಹೇಳಿದರೆ ಡಾಕ್ಟರ್ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ತುಟಿಯ ಮೇಲೆ ಜ್ವರದ ಗುಳ್ಳೆ ಏಳುವ ಅಭ್ಯಾಸವಿದ್ದರೆ ಅದನ್ನೂ ಹೇಳಿ, ಸೂಜಿಯಿಂದ ಅದು ಮತ್ತೆ ಏಳಬಹುದು.

ಮತ್ತೆ ತುಟಿ ಮೇಲಿನ ಸಣ್ಣ ಉದ್ದ ಗೆರೆಗಳ ವಿಚಾರ. ವರ್ಷಗಟ್ಟಲೆ ಸೇದಿದವರಿಗೆ ಅವು ಬೇಗ ಬರುತ್ತವೆ. ಅದನ್ನು ತುಂಬಿಸಲು ದುಡ್ಡು ಕೊಟ್ಟು, ಹೊರಗೆ ಹೋಗಿ ಮತ್ತೆ ಸೇದಿದರೆ ಸೋರುವ ಕೊಡಕ್ಕೆ ನೀರು ಹೊಯ್ದ ಹಾಗೆ. ಬಿಡಬೇಕು ಅನಿಸಿದರೆ 1800-11-2356ಕ್ಕೆ ಫೋನ್ ಮಾಡಿ. ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ.

ತಡೆಯಲಾಗದೆ ಸೇದಿಬಿಟ್ಟರೆ? ಗಾಬರಿ ಬೇಡ. ಕೈ ತೊಳೆದುಕೊಳ್ಳಿ, ತುಟಿ ಒತ್ತಬೇಡಿ, ಅವತ್ತು ಮದ್ಯ ಮುಟ್ಟಬೇಡಿ. ಆದರೆ ಸೇದಿರಲಿ ಬಿಡಲಿ, ತುಟಿ ಬಿಳುಚಿಕೊಂಡರೆ, ಚರ್ಮದ ಮೇಲೆ ಬಲೆಯಂತೆ ನೀಲಿ ಗೆರೆ ಕಂಡರೆ, ನೋವು ಏರುತ್ತಲೇ ಹೋದರೆ ರಕ್ತನಾಳ ಮುಚ್ಚಿರಬಹುದು. ಆ ಜೆಲ್ ಕರಗಿಸುವ ಹಯಲುರಾನಿಡೇಸ್ ಎಂಬ ಇಂಜೆಕ್ಷನ್ ಇದೆ, ಆದರೆ ತಡವಾದಷ್ಟೂ ಚರ್ಮಕ್ಕೆ ಹಾನಿ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಗೆಳತಿಯರನ್ನು ಕೇಳುತ್ತಾ ಕೂರಬೇಡಿ. ರಾತ್ರಿಯಾದರೂ ಸರಿ, ಡಾಕ್ಟರಿಗೇ ಫೋನ್ ಮಾಡಿ.