ಅಷ್ಟು ದುಡ್ಡು ಕೊಟ್ಟು ಆ ಭಾರದ ಪಾತ್ರೆ ತಗೋಬೇಕಾ?

ನಮ್ಮನೆ ಒಲೆ ಮೇಲಿರುವ ಎನಾಮಲ್ ಹಾಕಿದ ಕಬ್ಬಿಣದ ಪಾತ್ರೆ ನೋಡಿದವರೆಲ್ಲ ಕೇಳುವುದು ಇದನ್ನೇ: "ತಗೋಬಹುದಾ? ಯಾವ ಕಂಪನಿದು ಒಳ್ಳೇದು?" ಕಂಪನಿ ವಿಷಯ ಆಮೇಲೆ. ನಿಮ್ಮನೇಲಿ ಹುಳಿ ಹಾಕಿದ ಅಡುಗೆ, ನಿಧಾನಕ್ಕೆ ಬೇಯುವ ಅಡುಗೆ ಎಷ್ಟಾಗುತ್ತೆ ಅಂತ ಮೊದಲು ಯೋಚಿಸಿ. ಎರಡೂ ಕಮ್ಮಿ ಅಂದ್ರೆ ಈ ಪಾತ್ರೆ ಬೇಡ, ದುಡ್ಡು ಉಳಿಸಿ.

ಎರಕದ ಕಬ್ಬಿಣದ ಮೇಲೆ ಗಾಜಿನ ಪುಡಿ ಹಚ್ಚಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದು ಕರಗಿ ಪದರವಾಗಿ ಕೂತುಬಿಡುತ್ತೆ. ಅಷ್ಟೇ ಎನಾಮಲ್ ಅಂದ್ರೆ. ಹಳೇ ಮನೆಗಳಲ್ಲಿ ನೀಲಿ ಅಂಚಿನ ಬಿಳಿ ತಟ್ಟೆ, ಲೋಟ ಇರ್ತಿತ್ತಲ್ಲ, ಅದಕ್ಕೂ ಇದೇ ಲೇಪ, ಆದರೆ ಒಳಗಿದ್ದದ್ದು ತೆಳು ತಗಡು.

ಬರೀ ಕಬ್ಬಿಣದ ಬಾಣಲೆಯಲ್ಲಿ ಹಾಗಲಕಾಯಿ ಗೊಜ್ಜು ಮಾಡಿದರೆ ಏನಾಗುತ್ತೆ ಗೊತ್ತಲ್ವಾ? ಹುಣಸೆರಸ ಕುದೀತಾ ಕುದೀತಾ, ಎಣ್ಣೆ ಕಾಯಿಸಿ ಕಾಯಿಸಿ ಪಳಗಿಸಿದ ಪದರವನ್ನೇ ತಿಂದುಹಾಕುತ್ತೆ. ಗೊಜ್ಜು ಕಪ್ಪಾಗುತ್ತೆ, ಬಾಯಿಗೆ ಕಬ್ಬಿಣ ಸಿಗುತ್ತೆ. ಎನಾಮಲ್‌ಗೆ ಈ ತಾಪತ್ರಯ ಇಲ್ಲ. ಹುಳಿ, ಟೊಮೆಟೊ ಗೊಜ್ಜು, ಮಟನ್ ಸಾರು ಎಲ್ಲ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟರೂ ರುಚಿ ಕೆಡಲ್ಲ. ಇಳಿಸಿದ ಮೇಲೂ ತುಂಬಾ ಹೊತ್ತು ಬಿಸಿ ಇರುತ್ತೆ. ಇಂಡಕ್ಷನ್ ಮೇಲೂ ನಡೆಯುತ್ತೆ. ಆದರೆ ಊಟದಲ್ಲಿ ಕಬ್ಬಿಣಾಂಶ ಸೇರಲಿ ಅಂತ ಇದನ್ನು ಕೊಳ್ಳುವವರೂ ಇದ್ದಾರೆ, ಅವರಿಗೊಂದು ಮಾತು: ಮಧ್ಯೆ ಗಾಜಿದೆ, ಏನೂ ಸೇರಲ್ಲ. ಅದಕ್ಕೆ ನಿಮ್ಮ ಹಳೇ ಬಾಣಲೆಯೇ ಸರಿ.

ದೋಸೆಗೂ ಇದನ್ನು ನಂಬಬೇಡಿ, ಅದಕ್ಕೆ ಕಾವಲಿ ಇದೆ. ಸಾರಿನ ಪುಡಿಗೆ ಧನಿಯಾ, ಮೆಣಸಿನಕಾಯಿ ಹುರಿಯಲಿಕ್ಕೂ ಬೇಡ. ಒಳಗೆ ಎಣ್ಣೆಯೋ ನೀರೋ ಇಲ್ಲದೆ ದೊಡ್ಡ ಉರಿಯಲ್ಲಿ ಕಾಯಿಸಿದರೆ ಗಾಜು ಬಿರುಕು ಬಿಡುತ್ತೆ. ಕಾದ ಪಾತ್ರೆಗೆ ತಣ್ಣೀರು ಸುರಿದರೂ ಅಷ್ಟೇ. ಬೇಳೆ ಬೇಯಿಸಲಿಕ್ಕೆ ಕುಕ್ಕರ್‌ನ ಜಾಗ ಇದು ತುಂಬಲ್ಲ. ಬೆಳಿಗ್ಗೆ ಎಂಟಕ್ಕೆ ಡಬ್ಬಿ ಕಟ್ಟಬೇಕಾದ ಮನೆಯಲ್ಲಿ ತೊಗರಿಬೇಳೆ ಕರಗುವ ತನಕ ಕಾಯ್ತಾ ಕೂರಲಿಕ್ಕಾಗುತ್ತಾ?

ರಾಗಿ ಮುದ್ದೆಗೆ ಮಾತ್ರ ಇದು ಬಲು ಚೆನ್ನ, ಇದನ್ನು ಯಾರೂ ಹೇಳಲ್ಲ. ಹಗುರ ಪಾತ್ರೆಯಾದರೆ ಕೋಲಿನ ಜೊತೆ ಪಾತ್ರೆಯೂ ಗಿರಗಿರ ತಿರುಗುತ್ತೆ, ಅದಕ್ಕೇ ಕವೆಗೋಲು ಹಾಕಿ ಅದುಮಿ ಹಿಡಿಯೋದು. ಇದು ತನ್ನ ಭಾರಕ್ಕೇ ಅಲ್ಲಾಡದೆ ಕೂತಿರುತ್ತೆ. ಮರದ ಕೋಲಿಂದ ಗಾಜಿಗೂ ಏಟಿಲ್ಲ. ಏಟು ಬೀಳುವುದು ಸ್ಟೀಲ್ ಸೌಟಿಂದ. ಸಾರು ತಿರುವಿ ಸೌಟನ್ನು ಅಂಚಿಗೆ ಟಣ್ ಟಣ್ ಅಂತ ಬಡಿದು ಝಾಡಿಸುವ ಅಭ್ಯಾಸ ನಮಗೆಲ್ಲ ಇದೆ, ಈ ಪಾತ್ರೆಯ ಚಕ್ಕೆ ಏಳುವುದು ಅಲ್ಲೇ. ಹಿತ್ತಾಳೆ ಪಾತ್ರೆಯ ಕಲಾಯಿ ಹೋದರೆ ಮತ್ತೆ ಹಾಕಿಸಬಹುದಿತ್ತು, ಇದಕ್ಕೆ ಆ ದಾರಿ ಇಲ್ಲ. ಒಳಗೆ ಚಕ್ಕೆ ಎದ್ದರೆ ಅದರಲ್ಲಿ ಅಡುಗೆ ನಿಲ್ಲಿಸಬೇಕು, ಗಾಜಿನ ಚೂರು ಊಟಕ್ಕೆ ಬೀಳಬಹುದು.

ಈಗ ಅಂಗಡಿಗೆ ಬರೋಣ. ಮೊದಲು ಎತ್ತಿ ನೋಡಿ. ಐದು ಲೀಟರಿನ ಪಾತ್ರೆ ಮುಚ್ಚಳ ಸೇರಿ ಸುಮಾರು ಐದು ಕೆಜಿ ಇರುತ್ತೆ, ಮೂರು ಲೀಟರ್ ಸಾರು ತುಂಬಿದರೆ ಎಂಟಾಯ್ತು. ಇದಕ್ಕೆ ಇಕ್ಕಳ ನಡೆಯಲ್ಲ, ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಎತ್ತಬೇಕು, ಹಾಗಾಗಿ ಬಟ್ಟೆ ಸಮೇತ ಬೆರಳು ಹಿಡಿಕೆಯೊಳಗೆ ಹೋಗುತ್ತಾ ನೋಡಿ. ಮೊಣಕೈ, ಮಣಿಕಟ್ಟು ನೋವಿದ್ದವರು ಸುಮ್ನೆ ಆಸೆಪಡಬೇಡಿ. ನಾಲ್ಕು ಜನಕ್ಕೆ ನಾಲ್ಕರಿಂದ ಐದು ಲೀಟರ್, ದುಂಡನೆಯದು ಸಾಕು. ಉದ್ದಕ್ಕಿರುವುದು ಗ್ಯಾಸಿನ ಉರಿಗೆ ಹೊಂದಲ್ಲ: ಈ ಕಬ್ಬಿಣದಲ್ಲಿ ಶಾಖ ಅಲ್ಯುಮಿನಿಯಂನಷ್ಟು ಬೇಗ ಹರಡಲ್ಲ, ನಡುವೆ ಸೀದರೂ ತುದಿ ತಣ್ಣಗಿರುತ್ತೆ.

ಆಮೇಲೆ ಫೋನಿನ ಟಾರ್ಚ್ ಹಾಕಿ ಒಳಗೆ ನೋಡಿ. ಸೂಜಿಮೊನೆಯಷ್ಟು ತೂತು, ಗುಳ್ಳೆ ಇದ್ದರೆ ವಾಪಸ್ ಇಡಿ. ಅಂಚಿನಲ್ಲಿ ಎಷ್ಟೋ ಪಾತ್ರೆಗಳಿಗೆ ಪೂರ್ತಿ ಲೇಪ ಇರಲ್ಲ, ಒದ್ದೆ ಬಿಟ್ಟರೆ ತುಕ್ಕು, ಒರೆಸಿ ಚೂರು ಎಣ್ಣೆ ಸವರಿದರೆ ಆಯ್ತು. ಒಳಗಿನ ಬಣ್ಣ ತಿಳಿಯಾಗಿದ್ದರೆ ಈರುಳ್ಳಿ ಎಷ್ಟು ಕೆಂಪಾಯ್ತು ಅಂತ ಕಾಣುತ್ತೆ, ಆದರೆ ಅರಿಶಿನದ ಕಲೆ ಖಂಡಿತ. ಒಂದಷ್ಟು ದಿನ ಬಿಸಿಲಿಗಿಟ್ಟರೆ ಆ ಕಲೆ ಮಾಸುತ್ತೆ. ಕಪ್ಪಾಗಿದ್ದರೆ ಕಲೆ ಕಾಣಲ್ಲ, ಮಸಾಲೆ ಸೀಯುವುದೂ ಕಾಣಲ್ಲ. ನನ್ನ ಓಟು ತಿಳಿ ಬಣ್ಣಕ್ಕೆ.

ಕಂಪನಿಗಳಲ್ಲಿ ಹೆಸರುವಾಸಿ ಫ್ರಾನ್ಸಿನವು: 1925ರಿಂದ ಇರುವ ಲೆ ಕ್ರೂಸೆ, 1974ರಲ್ಲಿ ಶುರುವಾದ ಸ್ಟೌಬ್. ಸ್ಟೌಬ್ ಒಳಗೆ ಸಾಮಾನ್ಯವಾಗಿ ಕಪ್ಪು. ಅಮೆರಿಕದ ಲಾಡ್ಜ್ ಇವಕ್ಕಿಂತ ಎಷ್ಟೋ ಅಗ್ಗ, ಅದರ ಎನಾಮಲ್ ಪಾತ್ರೆಗಳು ಹೆಚ್ಚಾಗಿ ತಯಾರಾಗುವುದು ಚೀನಾದಲ್ಲಿ. ಸಾರಿನ ರುಚಿಯಲ್ಲಿ ವ್ಯತ್ಯಾಸ ಹುಡುಕಬೇಡಿ, ಸಿಗಲ್ಲ. ಜಾಸ್ತಿ ದುಡ್ಡು ಹೋಗುವುದು ಲೇಪ ಎಷ್ಟು ವರ್ಷ ನಿಲ್ಲುತ್ತೆ ಅನ್ನುವುದಕ್ಕೆ, ಜೊತೆಗೆ ಹೆಸರಿಗೆ. ಅಗ್ಗದ್ದು ತಗೊಂಡರೂ ಹೆಸರೇ ಇಲ್ಲದ್ದು ಬೇಡ. ಕೆಂಪು, ಕಿತ್ತಳೆ ಬಣ್ಣಕ್ಕೆ ಕ್ಯಾಡ್ಮಿಯಂ ಬಳಸುವ ರೂಢಿ ಇದೆ, ಅಂಥ ಬಣ್ಣ ಊಟ ತಾಗುವ ಒಳಮೈಯಲ್ಲಿ ಇರಬಾರದು.

ಗೃಹಪ್ರವೇಶಕ್ಕೆ ಉಡುಗೊರೆ ಕೊಡಲಾ ಅಂತ ಕೇಳುವವರೂ ಇದ್ದಾರೆ. ಆ ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರು, ಯಾವುದರಲ್ಲಿ ಉಜ್ಜುತ್ತಾರೆ ಅಂತ ವಿಚಾರಿಸಿ. ಸ್ಟೀಲ್ ನಾರು ಅಂದ್ರೆ ಕುಕ್ಕರ್ ಕೊಟ್ಟುಬಿಡಿ.